ಕವಿತೆ ತೋರಿಸಲು ಕಾರ್ಖಾನೆ ಬೇಕಿಲ್ಲ

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. "ಅಣ್ಣ, ಅಪ್ಪನ ಸಂಪಾದಕೀಯಗಳು ಬೇಕಿತ್ತು. ನೀವು ಮಾಡಿಕೊಟ್ಟ ಸೈಟ್ ತೆರೀತಾನೇ ಇಲ್ಲ."

ಅಪ್ಪ ಅಂದರೆ ನಮ್ಮ ಮೇಷ್ಟ್ರು. ಮಲೆನಾಡಿನ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟವರು. ನಿವೃತ್ತಿಯಾದ ಮೇಲೆ ಹನ್ನೆರಡು ವರ್ಷ ಒಂದು ತ್ರೈಮಾಸಿಕ ನಡೆಸಿದರು. ನಡುವೆ ಎರಡು ಸಂಚಿಕೆ ದುಡ್ಡಿಲ್ಲದೆ ನಿಂತವು. ಒಟ್ಟು 46 ಬಂದವು. ಮುನ್ನೂರು ಪ್ರತಿ ಅಚ್ಚಾಗುತ್ತಿತ್ತು, ಅದರಲ್ಲಿ ನೂರು ಅವರ ಮನೆಯ ಅಟ್ಟದಲ್ಲೇ ಉಳಿಯುತ್ತಿತ್ತು. 2013ರಲ್ಲಿ ಪತ್ರಿಕೆ ನಿಲ್ಲಿಸಿದಾಗ ಒಂದು ಸಿಡಿ ಕೈಗಿಟ್ಟು, "ಇದನ್ನೆಲ್ಲ ನಿನ್ನ ಇಂಟರ್ನೆಟ್ಟಿಗೆ ಹಾಕು ಮಾರಾಯ, ನಾನು ಹೋದಮೇಲೂ ಇರಲಿ" ಎಂದರು.

ಹಾಕಿದೆ. ಅವರು ಹೋದರು. ಸೈಟ್ ಅವರಿಗಿಂತ ಎರಡು ವರ್ಷ ಮೊದಲೇ ಹೋಗಿತ್ತು.

ಆ ಭಾನುವಾರ ನಾನು ಮೊದಲು ನೋಡಿದ್ದು ಇಂಟರ್ನೆಟ್ ಆರ್ಕೈವನ್ನು. ಸತ್ತ ಜಾಲತಾಣಗಳ ಹಳೆಯ ಪುಟಗಳನ್ನು ಅಲ್ಲಿ ಕಾಪಿಡುತ್ತಾರೆ. ನನ್ನ ಸೈಟನ್ನೂ ಇಟ್ಟಿದ್ದರು. ಮುಖಪುಟ ಬಂತು, ನಾನು ಅಕ್ಕರೆಯಿಂದ ಹಚ್ಚಿದ ಅಡಿಕೆ ಬಣ್ಣ ಬಂತು, ನಡುವೆ ಒಂದು ಚಕ್ರ ಗಿರಗಿರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ನಾನು ಬರೆದ ಸೈಟಿನಲ್ಲಿ ಪುಟ ಎಂಬುದೇ ಇರಲಿಲ್ಲ. ಇದ್ದದ್ದು ಒಂದು ಖಾಲಿ ಚೌಕಟ್ಟು. ಅದು ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಓಡಿ, ಎಲ್ಲೋ ಇದ್ದ ಡೇಟಾಬೇಸನ್ನು ಕೇಳಿ, ಮೇಷ್ಟ್ರ ಮಾತುಗಳನ್ನು ತಂದು ಅಲ್ಲಿ ತುಂಬಬೇಕಿತ್ತು. ಡೇಟಾಬೇಸ್ ಹೋಗಿ ವರ್ಷಗಳಾಗಿದ್ದವು. ಹಾಗಾಗಿ ಆರ್ಕೈವಿನವರು ಉಳಿಸಿದ್ದು ಚೌಕಟ್ಟನ್ನು, ಮತ್ತು ಆ ಚಕ್ರವನ್ನು.

ಇದು ಯಾರ ತಪ್ಪು ಎಂದು ಹುಡುಕುವ ಅಗತ್ಯವಿಲ್ಲ. ನನ್ನದು. ಆದರೆ ಇದೇ ತಪ್ಪನ್ನು ಇವತ್ತು ಕನ್ನಡಕ್ಕಾಗಿ ಪ್ರೀತಿಯಿಂದ ಕೆಲಸ ಮಾಡುತ್ತಿರುವ ಹತ್ತಾರು ಹುಡುಗ ಹುಡುಗಿಯರು ಮಾಡುತ್ತಿದ್ದಾರೆ. ಅವರ ಜೊತೆ ಜಗಳಕ್ಕೆ ಕೂರಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಗೇಕೆ ಕಟ್ಟಿದೆ ಎಂದು ಮೊದಲು ಒಪ್ಪಿಸಿಬಿಡುತ್ತೇನೆ. ಆ ವರ್ಷ ಎಲ್ಲರ ಬಾಯಲ್ಲೂ ಒಂದು ಫ್ರೇಮ್‌ವರ್ಕಿನ ಹೆಸರಿತ್ತು. ಅದನ್ನು ಕಲಿತರೆ ಒಳ್ಳೆಯ ಕೆಲಸ ಸಿಗುತ್ತದೆ ಎನ್ನುತ್ತಿದ್ದರು. ಕಲಿಯಲು ಒಂದು ಸೈಡ್ ಪ್ರಾಜೆಕ್ಟ್ ಬೇಕಿತ್ತು. ಮೇಷ್ಟ್ರ ಪತ್ರಿಕೆ ಸಿಕ್ಕಿತು. ಒಂದು ಕವಿತೆ ಎಂದರೆ ಎರಡು ಕೆಬಿ. ಅದನ್ನು ತೋರಿಸಲು ನನ್ನ ಸೈಟ್ ಒಂದೂವರೆ ಎಂಬಿ ಕೋಡನ್ನು ಓದುಗನ ಫೋನಿಗೆ ಇಳಿಸುತ್ತಿತ್ತು. ಊರಿನಲ್ಲಿ ಕೂತು ನೋಡಿದ ಮೇಷ್ಟ್ರು "ಸ್ವಲ್ಪ ತಡ ಆಗ್ತದಲ್ಲ" ಎಂದಾಗ, "ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ ಸಾರ್" ಎಂದಿದ್ದೆ. ಆ ಉತ್ತರ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರ ಪತ್ರಿಕೆಯನ್ನು ನಾನು ನನ್ನ ರೆಸ್ಯೂಮೆಯ ಒಂದು ಸಾಲು ಮಾಡಿಕೊಂಡಿದ್ದೆ. ಕೆಲಸ ಸಿಕ್ಕಿತು, ಸಾಲು ಹಳತಾಯಿತು. ಆ ಫ್ರೇಮ್‌ವರ್ಕನ್ನು ಮಾಡಿದವರೇ ಅದನ್ನು ಕೈಬಿಟ್ಟರು. ಸರ್ವರಿನ ತಂತ್ರಾಂಶ ಹಳೆಯದಾಗಿದೆ, ಬದಲಾಯಿಸಿ ಎಂಬ ಇಮೇಲುಗಳು ಬಂದವು. ಈ ವಾರ, ಮುಂದಿನ ವಾರ ಎಂದು ತಳ್ಳಿದೆ. ಒಂದು ದಿನ ನಿಂತಿತು.

1991ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಮೊದಲ ಜಾಲತಾಣವನ್ನು ಹೊರಜಗತ್ತಿಗೆ ತೆರೆದರು. ಅದರ 1992ರ ಪ್ರತಿಯೊಂದನ್ನು ಸರ್ನ್ ಈಗಲೂ ಮೂಲ ವಿಳಾಸದಲ್ಲೇ ಇಟ್ಟಿದೆ. ಇವತ್ತಿನ ಯಾವ ಫೋನಿನಲ್ಲಾದರೂ ತೆರೆದು ನೋಡಿ: ಬಿಳಿ ಹಾಳೆ, ಕಪ್ಪು ಅಕ್ಷರ, ಕೆಲವು ಕೊಂಡಿಗಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ಮೂವತ್ತು ವರ್ಷದಲ್ಲಿ ಯಾರೂ ಅದನ್ನು 'ಅಪ್‌ಡೇಟ್' ಮಾಡಬೇಕಾಗಲಿಲ್ಲ, ಯಾಕೆಂದರೆ ಅದರಲ್ಲಿ ಹಾಳಾಗುವಂಥದ್ದು ಏನೂ ಇಲ್ಲ. ಪದಗಳಿವೆ, ಯಾವುದು ಶೀರ್ಷಿಕೆ ಯಾವುದು ಪ್ಯಾರಾ ಎಂದು ಹೇಳುವ ಎಚ್‌ಟಿಎಂಎಲ್ ಗುರುತುಗಳಿವೆ, ಅಷ್ಟೇ.

ಅದೇ 1991ರ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡವೂ ಇತ್ತು. ಅಂದರೆ ವೆಬ್ ಪುಟ ಮತ್ತು ಕನ್ನಡ ಅಕ್ಷರಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಒಪ್ಪಬಹುದಾದ ಸಂಕೇತ, ಎರಡೂ ಒಂದೇ ವರ್ಷದವು. ಅದು ನಮ್ಮ ಕಂಪ್ಯೂಟರುಗಳಿಗೆ ಇಳಿಯಲು ಮತ್ತೆ ಹತ್ತು ವರ್ಷವೇ ಹಿಡಿಯಿತು ಎನ್ನಿ. ಅಷ್ಟರಲ್ಲಿ ನಾವು ಬೇರೆ ದಾರಿ ಹಿಡಿದಿದ್ದೆವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳಲ್ಲಿ ಲಕ್ಷಾಂತರ ಪುಟ ಬೆರಳಚ್ಚಾಯಿತು. ಆ ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ರೋಮನ್ ಅಕ್ಷರ, ಪೌಂಡ್ ಚಿಹ್ನೆ, ತಲೆಕೆಳಗಾದ ಪ್ರಶ್ನಾರ್ಥಕಗಳ ರಾಶಿ. ಮೇಷ್ಟ್ರ ಸಿಡಿಯಲ್ಲಿದ್ದದ್ದೂ ಅದೇ ರಾಶಿ. ಅದನ್ನು ಯೂನಿಕೋಡಿಗೆ ತರಲು ನಾನು ಒಂದು ಪ್ರೋಗ್ರಾಂ ಬರೆದೆ. ಅರ್ಕಾವೊತ್ತು ಎಲ್ಲಿ ಕೂರಬೇಕು ಎಂಬ ಒಂದೇ ಪ್ರಶ್ನೆಗೆ ಮೂರು ರಾತ್ರಿ ಹೋಯಿತು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಕುಟ್ಟುತ್ತಿದ್ದರು, ಯೂನಿಕೋಡಿನಲ್ಲಿ ಅದು ಮೊದಲು ಬರುತ್ತದೆ. ಒಂದು ಸೆರೆಮನೆಯಿಂದ ಅಷ್ಟು ಕಷ್ಟಪಟ್ಟು ಬಿಡಿಸಿ ತಂದ ಪಠ್ಯವನ್ನು ನಾನು ಮರುದಿನವೇ ಇನ್ನೊಂದು ಸೆರೆಮನೆಗೆ ಹಾಕಿದೆ. ಇದು ನನಗೆ ಆಗ ಹೊಳೆಯಲಿಲ್ಲ.

ಹೊಸ ಸೆರೆಮನೆಯ ಗೋಡೆಗಳು ಹೇಗಿರುತ್ತವೆ ಎಂಬುದಕ್ಕೆ ಒಂದು ಪ್ರಸಿದ್ಧ ಘಟನೆ ಇದೆ. ಇವತ್ತಿನ ಜಾವಾಸ್ಕ್ರಿಪ್ಟ್ ಪ್ರೋಗ್ರಾಮರ್ ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಎನ್‌ಪಿಎಂ ಎಂಬ ಸಾರ್ವಜನಿಕ ಕಣಜದಿಂದ ಇತರರು ಬರೆದ ತುಣುಕುಗಳನ್ನು ತರುತ್ತಾನೆ. ಆ ತುಣುಕುಗಳು ಬೇರೆ ತುಣುಕುಗಳನ್ನು ತರುತ್ತವೆ. 2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರ್, ಹೆಸರಿನ ವಿಷಯಕ್ಕೆ ಆದ ಜಗಳದಿಂದ ಬೇಸತ್ತು, ತನ್ನ ತುಣುಕುಗಳನ್ನೆಲ್ಲ ಅಲ್ಲಿಂದ ತೆಗೆದುಬಿಟ್ಟ. ಅದರಲ್ಲಿ 'ಲೆಫ್ಟ್-ಪ್ಯಾಡ್' ಎಂಬುದೊಂದಿತ್ತು. ಹನ್ನೊಂದು ಸಾಲಿನ ಕೋಡ್. ಪದದ ಎಡಗಡೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದು ಅದರ ಕೆಲಸ. ಅದು ಹೋದದ್ದೇ ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟುಗಳು ಕಟ್ಟಲಾಗದೆ ನಿಂತವು. ಅವನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಮನೆಯ ತಳಪಾಯದಲ್ಲಿ ಅಂಥದ್ದೊಂದು ಕಲ್ಲು ಇದೆ ಎಂದೇ ಗೊತ್ತಿರಲಿಲ್ಲ. ಎಡಗಡೆ ಜಾಗ ಬಿಡುವುದು! ನಾವು ಒಂದನೇ ಕ್ಲಾಸಿನಲ್ಲಿ ಕಾಪಿ ಪುಸ್ತಕದಲ್ಲಿ ಕಲಿತ ವಿದ್ಯೆ ಅದು.

ಇಲ್ಲಿ ಗೆಳೆಯರು ತಡೆಯುತ್ತಾರೆ. ನಿನಗೆ ಹೊಸದು ಬರುವುದಿಲ್ಲ, ಅದಕ್ಕೇ ಹಳೆಯದನ್ನು ಹೊಗಳುತ್ತೀಯ. ತಪ್ಪು. ನನ್ನ ಅನ್ನ ಇವತ್ತಿಗೂ ಅದೇ ಫ್ರೇಮ್‌ವರ್ಕುಗಳಿಂದಲೇ. ಸ್ವತಂತ್ರವಾಗಿ ಕೆಲಸ ಮಾಡುವವನು ಗಿರಾಕಿ ಕೇಳಿದ್ದನ್ನು ಕಟ್ಟಿಕೊಡಬೇಕು, ಕಟ್ಟಿಕೊಡುತ್ತೇನೆ. ಇನ್ನೂರು ಎಂಜಿನಿಯರುಗಳು ಒಂದೇ ಕೋಡಿನ ಮೇಲೆ ಕೂತಾಗ, ಟಿಕೆಟ್ ಬುಕಿಂಗ್‌ನಂಥ ಕ್ಷಣಕ್ಷಣಕ್ಕೂ ಬದಲಾಗುವ ತೆರೆ ಬೇಕಾದಾಗ, ಆ ಸಲಕರಣೆಗಳಿಗೆ ಕಾರಣವಿದೆ. ಸಕ್ಕರೆ ಕಾರ್ಖಾನೆಯ ಬಾಯ್ಲರು ಸುಳ್ಳಲ್ಲ. ಆದರೆ ಒಂದು ಲೋಟ ಕಾಫಿ ಕಾಯಿಸಲು ಅಡುಗೆಮನೆಗೆ ಬಾಯ್ಲರು ತರಿಸಿ, ಅದನ್ನು ನೋಡಿಕೊಳ್ಳುವವನು ಊರು ಬಿಟ್ಟ ಮೇಲೆ ಮನೆಯವರಿಗೆ ಕಾಫಿಯೇ ಇಲ್ಲದಂತೆ ಮಾಡುವುದನ್ನು ನಾನು ಪ್ರಗತಿ ಎಂದು ಒಪ್ಪಲಾರೆ. ಕನ್ನಡದ ಸೈಡ್ ಪ್ರಾಜೆಕ್ಟುಗಳಲ್ಲಿ ಇನ್ನೂರು ಎಂಜಿನಿಯರುಗಳಿಲ್ಲ. ಒಬ್ಬ ಇರುತ್ತಾನೆ. ಅವನಿಗೂ ಮದುವೆ, ಮಗು, ಕೆಲಸ, ಬೆನ್ನುನೋವು ಬರುತ್ತವೆ.

ಹಾಗಾಗಿ ನನ್ನ ವಾದ ಇಷ್ಟು: ಒಬ್ಬನೇ ಕಟ್ಟುವ ಪ್ರೋಗ್ರಾಂ, ಇನ್ನೊಬ್ಬ ಒಂದು ಮಧ್ಯಾಹ್ನದಲ್ಲಿ ಪೂರ್ತಿ ಓದಿ ಮುಗಿಸುವಷ್ಟು ಚಿಕ್ಕದಿರಬೇಕು. ಓದಲಾಗದ್ದನ್ನು ಯಾರೂ ಮುಂದುವರಿಸಲಾರರು.

ಇದು ನನಗೆ ಅರ್ಥವಾದದ್ದು ಇನ್ನೊಂದು ಪ್ರಾಜೆಕ್ಟಿನಿಂದ. ಮೇಷ್ಟ್ರ ಸೈಟ್ ನಿಂತ ಕಾಲಕ್ಕೇ ಛಂದಸ್ಸಿನ ಮಾತ್ರೆ ಎಣಿಸುವ ಒಂದು ಪುಟ ಮಾಡಿದ್ದೆ. ಪದ್ಯವನ್ನು ಹಾಕಿದರೆ ಲಘು ಗುರು ಗುರುತಿಸಿ ಸಾಲಿಗೆ ಎಷ್ಟು ಮಾತ್ರೆ ಎಂದು ಹೇಳುತ್ತದೆ. ಕಂದವಾದರೆ 12, 20, 12, 20, ಒಟ್ಟು 64. ಭಾಮಿನಿ ಷಟ್ಪದಿಯಾದರೆ ನಾಲ್ಕು ಸಾಲಿಗೆ ಹದಿನಾಲ್ಕು, ಮೂರನೆಯದಕ್ಕೂ ಆರನೆಯದಕ್ಕೂ ಇಪ್ಪತ್ತಮೂರು, ಒಟ್ಟು 102. ಬಹಳ ಸುಲಭ ಎಂದುಕೊಂಡು ಕೂತವನಿಗೆ ಮೊದಲ ಪದವೇ ಪಾಠ ಕಲಿಸಿತು. 'ಪುಸ್ತಕ' ಎಂಬುದನ್ನು ತೆಗೆದುಕೊಳ್ಳಿ. ಓದುಗನಿಗೆ ಅದು ಮೂರು ಅಕ್ಷರ. ಛಂದಸ್ಸಿಗೆ ನಾಲ್ಕು ಮಾತ್ರೆ, ಏಕೆಂದರೆ ಒತ್ತಕ್ಷರದ ಹಿಂದಿನ 'ಪು' ಗುರುವಾಗುತ್ತದೆ. ಜಾವಾಸ್ಕ್ರಿಪ್ಟನ್ನು ಇದರ ಉದ್ದ ಎಷ್ಟು ಎಂದು ಕೇಳಿದರೆ ಆರು ಎನ್ನುತ್ತದೆ: ಪ, ಉಕಾರದ ಕೊಂಬು, ಸ, ಹಲಂತ, ತ, ಕ. ಯುಟಿಎಫ್-8 ಕಡತದಲ್ಲಿ ಇದು ಹಿಡಿಯುವ ಜಾಗ ಹದಿನೆಂಟು ಬೈಟ್. ಒಂದೇ ಪದಕ್ಕೆ ನಾಲ್ಕು ಲೆಕ್ಕ. ಇಲ್ಲಿ ಯಾವ ಲೆಕ್ಕ ಬೇಕು ಎಂದು ತೀರ್ಮಾನಿಸುವುದೇ ಪ್ರೋಗ್ರಾಮಿಂಗ್. ಅದನ್ನು ಯಾವ ಫ್ರೇಮ್‌ವರ್ಕೂ ನನ್ನ ಪರವಾಗಿ ತೀರ್ಮಾನಿಸಲಿಲ್ಲ. ಪಿಯುಸಿಯ ವ್ಯಾಕರಣ ಪುಸ್ತಕ ತೆಗೆದು ಕೂರಬೇಕಾಯಿತು.

ಇಡೀ ಕೋಡ್ ಸುಮಾರು ಇನ್ನೂರು ಸಾಲು. ಒಂದೇ ಕಡತ. ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು, ಇದು ಅನೇಕರಿಗೆ ಗೊತ್ತಿಲ್ಲ. ಲಘು, ಗುರು, ಹಿಂದಿನಕ್ಷರ ಎಂದೇ ಬರೆದೆ. ಪ್ರತಿ ನಿಯಮದ ಮೇಲೆ ಅದು ಏನು ಎಂದು ಕನ್ನಡದಲ್ಲಿ ಟಿಪ್ಪಣಿ ಹಾಕಿದೆ. ಒಂದು ವರ್ಷದ ಮೇಲೆ ಧಾರವಾಡದಿಂದ ಒಬ್ಬ ಎಂ.ಎ. ವಿದ್ಯಾರ್ಥಿನಿಯ ಇಮೇಲ್ ಬಂತು. "ಸರ್, ಹಳಗನ್ನಡ ಪದ್ಯ ಹಾಕಿದ್ರ ನಿಮ್ಮ ಲೆಕ್ಕ ಕೆಲವು ಕಡೆ ಒಂದು ಮಾತ್ರೆ ಜಾಸ್ತಿ ತೋರಸ್ತದ. ನನಗ ಪ್ರೋಗ್ರಾಮಿಂಗ್ ಬರೂದಿಲ್ಲ, ಆದ್ರ ಪುಟದ ಮೂಲ ತೆಗದು ಓದಿದೆ. ಒತ್ತಕ್ಷರದ ಹಿಂದಿಂದು ಯಾವಾಗ್ಲೂ ಗುರು ಅಂತ ಬರದೀರಿ. ಶಿಥಿಲದ್ವಿತ್ವ ಬಿಟ್ಟೀರಿ."

ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳನ್ನು ಒತ್ತದೆ ತೇಲಿಸಿ ಉಚ್ಚರಿಸುತ್ತಿದ್ದರು. ಆಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. 'ಎರ್ದೆ' ಎಂಬಂಥ ಪದಗಳಲ್ಲಿ ಹೀಗೆ. ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಇದನ್ನು ಚರ್ಚಿಸಿದ್ದಾನೆ. ನನಗೆ ತಿಳಿದಿರಲಿಲ್ಲ. ಆಕೆಗೆ ತಿಳಿದಿತ್ತು, ಮತ್ತು ತಪ್ಪಿದ ಸಾಲು ಯಾವುದೆಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಅದೇ ಪುಟವನ್ನು ನಾನು ನನ್ನ ಹಳೆಯ ರೀತಿಯಲ್ಲಿ ಕಟ್ಟಿದ್ದರೆ, ಮೂಲ ತೆಗೆದ ಆಕೆಗೆ ಕಾಣುತ್ತಿದ್ದದ್ದು ಖಾಲಿ ಜಾಗವನ್ನೂ ಬಿಡದೆ ಹಿಂಡಿ ಒಂದೇ ಸಾಲಿಗೆ ತುಂಬಿದ ಲಕ್ಷಾಂತರ ಅಕ್ಷರ. ಆ ಇಮೇಲ್ ಬರುತ್ತಿರಲಿಲ್ಲ. ತಪ್ಪು ಲೆಕ್ಕ ಹಾಗೇ ಉಳಿಯುತ್ತಿತ್ತು, ನಾನು ಹೊಸ ಬಣ್ಣ ಹಚ್ಚುತ್ತಿರುತ್ತಿದ್ದೆ.

ಪ್ರೋಗ್ರಾಮನ್ನು ಯಂತ್ರಕ್ಕಾಗಿ ಅಲ್ಲದೆ ಓದುವ ಮನುಷ್ಯನಿಗಾಗಿ ಬರೆಯಬೇಕು ಎಂಬುದು ನಾನು ಕಂಡುಹಿಡಿದದ್ದಲ್ಲ. ಡೊನಾಲ್ಡ್ ನುತ್ 1984ರಲ್ಲೇ ಇದಕ್ಕೆ 'ಲಿಟರೇಟ್ ಪ್ರೋಗ್ರಾಮಿಂಗ್' ಎಂದು ಹೆಸರಿಟ್ಟು ವಾದಿಸಿದರು. ಅವರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಬಹುಶಃ ಜಗತ್ತಿನ ಅತ್ಯಂತ ಪ್ರಸಿದ್ಧ ಸೈಡ್ ಪ್ರಾಜೆಕ್ಟ್. ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಮುದ್ರಣದ ಕರಡಚ್ಚು ನೋಡಿ, ಇಷ್ಟು ಕೆಟ್ಟದಾಗಿ ಅಚ್ಚಾಗಬಾರದು ಎಂದು ಸಿಟ್ಟಿಗೆದ್ದು ಶುರುಮಾಡಿದ್ದು. ಒಂದು ವರ್ಷದ ಕೆಲಸ ಎಂದುಕೊಂಡದ್ದಕ್ಕೆ ಹತ್ತು ವರ್ಷ ಹಿಡಿಯಿತು. ಆಮೇಲೆ ಅವರು ಮಾಡಿದ್ದು ಇನ್ನೂ ಅಪರೂಪದ್ದು: ಇದು ಮುಗಿಯಿತು ಎಂದರು. ಹೊಸದೇನನ್ನೂ ಸೇರಿಸುವುದಿಲ್ಲ, ತಪ್ಪುಗಳನ್ನು ಮಾತ್ರ ತಿದ್ದುತ್ತೇನೆ. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ ಗಣಿತದ ಪೈ ಕಡೆಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ: 3.14, 3.141, ಹೀಗೆ. ತಾನು ಸತ್ತ ದಿನ ಅದನ್ನು ಪೈ ಎಂದೇ ಕರೆದು ಮುಚ್ಚಿಬಿಡಿ, ಉಳಿದ ತಪ್ಪುಗಳು ಅದರ ಗುಣಗಳೆಂದೇ ಇರಲಿ ಎಂದು ಬರೆದಿಟ್ಟಿದ್ದಾರೆ. ಪುಸ್ತಕ ಬರೆಯುವವರಿಗೆ ಇದು ಸಹಜ. ಕಾದಂಬರಿ ಮುಗಿಯುತ್ತದೆ. ನಮ್ಮ ಕಸುಬಿನಲ್ಲಿ ಮಾತ್ರ ಎರಡು ವರ್ಷ ಬದಲಾಗದ ಪ್ರೋಗ್ರಾಂ ಕಂಡರೆ 'ಸತ್ತಿದೆ' ಎನ್ನುತ್ತೇವೆ. ನನ್ನ ಮಾತ್ರೆ ಎಣಿಸುವ ಪುಟಕ್ಕೆ ಕೈ ಹಾಕಿ ನಾಲ್ಕು ವರ್ಷವಾಯಿತು. ಸತ್ತಿಲ್ಲ, ಮುಗಿದಿದೆ.

ಕನ್ನಡದ ಕಂಪ್ಯೂಟರ್ ಬದುಕು ಹೀಗೆ ಒಬ್ಬೊಬ್ಬರ ಹೆಗಲ ಮೇಲೆಯೇ ಬಂದಿದೆ. 'ಬರಹ' ಶೇಷಾದ್ರಿವಾಸು ಎಂಬ ಒಬ್ಬರ ಕೆಲಸ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. 2019ರಲ್ಲಿ ಕೈಲಾಶ್ ನಾಧ್ ಅದನ್ನು 'ಅಲರ್' ಎಂಬ ಹೆಸರಿನಲ್ಲಿ ಜಾಲಕ್ಕೆ ತಂದರು. ಆ ನಿಘಂಟಿನಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಇದು: ಇಡೀ ದತ್ತಾಂಶ ಸರಳ ಪಠ್ಯ ಕಡತವಾಗಿ, ಮುಕ್ತ ಪರವಾನಗಿಯಲ್ಲಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇದೆ. ನಾಳೆ ಆ ಜಾಲತಾಣವೇ ಇಲ್ಲವಾದರೂ ನಿಘಂಟು ಇರುತ್ತದೆ.

ನನ್ನ ಜಗಳ ಪ್ರೋಗ್ರಾಮರುಗಳ ಜೊತೆ ಮಾತ್ರವಲ್ಲ. ಸಾಹಿತಿ ಗೆಳೆಯರೇ, ನೀವೂ ಕಡಿಮೆಯವರಲ್ಲ. ಕವಿತೆಯನ್ನು ಸೂರ್ಯಾಸ್ತದ ಚಿತ್ರದ ಮೇಲೆ ಬರೆಸಿ ವಾಟ್ಸಾಪಿಗೆ ಹಾಕುತ್ತೀರಿ. ಅದನ್ನು ಯಾರೂ ಹುಡುಕಲಾರರು, ಕಣ್ಣು ಕಾಣದವರ ಫೋನು ಓದಿ ಹೇಳಲಾರದು. ವಿಮರ್ಶೆಯನ್ನು ಫೇಸ್‌ಬುಕ್ಕಿನಲ್ಲಿ ಬರೆದು ಮೂಲ ಪ್ರತಿ ಎಲ್ಲಿ ಎಂದರೆ 'ಅಲ್ಲೇ ಇದೆಯಲ್ಲ' ಎನ್ನುತ್ತೀರಿ. ನಿಮ್ಮ ಸೈಟ್ ಮಾಡಿಕೊಡುವವನನ್ನು 'ಚೆನ್ನಾಗಿ ಕಾಣಬೇಕು' ಎನ್ನುತ್ತೀರಿ. 'ನೀನು ಬಿಟ್ಟುಹೋದರೆ ನನ್ನ ಬರಹ ನನ್ನ ಕೈಯಲ್ಲಿ ಯಾವ ರೂಪದಲ್ಲಿರುತ್ತದೆ?' ಎಂದು ಒಬ್ಬರಾದರೂ ಕೇಳಿದ್ದು ನಾನು ಕಂಡಿಲ್ಲ. ಕೇಳಿ. ಯೂನಿಕೋಡ್ ಪಠ್ಯ ಕಡತವಾಗಿ ಕೊಡುತ್ತೇನೆ ಎಂದು ಅವನು ಹೇಳದಿದ್ದರೆ ಬೇರೆಯವರನ್ನು ಹುಡುಕಿ.

ಈಗ ಕೃತಕ ಬುದ್ಧಿಮತ್ತೆಗೆ ಒಂದು ಮಾತು ಹೇಳಿದರೆ ಕಾಫಿ ಆರುವಷ್ಟರಲ್ಲಿ ಐದು ಸಾವಿರ ಸಾಲಿನ ಸೈಟ್ ಬರೆದುಕೊಡುತ್ತದೆ. ವಿದ್ಯಾರ್ಥಿಗಳು ತಂದು ತೋರಿಸುತ್ತಾರೆ. ಓಡುತ್ತದೆ, ನಿಜ. "ಇದನ್ನು ಓದಿದ್ದೀರಾ?" ಎಂದರೆ ನಗುತ್ತಾರೆ. ಬರೆದದ್ದು ಯಂತ್ರ ಎಂಬುದಕ್ಕೆ ನನ್ನ ತಕರಾರಿಲ್ಲ, ನಾನೂ ಬಳಸುತ್ತೇನೆ. ಯಾರೂ ಓದಿಲ್ಲ ಎಂಬುದೇ ತಕರಾರು. ಬರೆಯುವ ಶ್ರಮ ಅಷ್ಟಿದ್ದಾಗಲೇ ನಾನು ಬೇಡದ್ದನ್ನು ಅಷ್ಟು ತುಂಬಿದ್ದೆ. ಶ್ರಮವೇ ಇಲ್ಲದಾಗ ಬೇಡ ಎನ್ನುವ ವಿವೇಕ ಇನ್ನೂ ಹೆಚ್ಚು ಬೇಕು. ಇನ್ನೂರು ಸಾಲಿನಲ್ಲಿ ಆಗುವುದೇ ಎಂದು ಅದನ್ನೇ ಕೇಳಿ ನೋಡಿ. ಬಹಳ ಸಲ ಆಗುತ್ತದೆ.

ಮೇಷ್ಟ್ರ ಪತ್ರಿಕೆಯ ಕತೆ ಮುಗಿಸುತ್ತೇನೆ. ಹಳೆಯ ಹಾರ್ಡ್ ಡಿಸ್ಕ್ ಒಂದರಲ್ಲಿ ಡೇಟಾಬೇಸಿನ ಅರ್ಧಂಬರ್ಧ ಪ್ರತಿ ಸಿಕ್ಕಿತು. ಅದರಿಂದ 31 ಸಂಚಿಕೆ ಹೊರಬಂದವು. ಸಿಡಿ ಓದಲಾಗದಷ್ಟು ಗೀಚಿಹೋಗಿತ್ತು. ಉಳಿದ ಹದಿನೈದನ್ನು ಅವರ ಮಗಳು ಅಟ್ಟ ಹತ್ತಿ ತಂದಳು. ಗೆದ್ದಲು ತಿಂದ ಅಂಚು ಬಿಟ್ಟರೆ ಎಲ್ಲ ಓದಬಹುದಿತ್ತು. ಕಾಗದ ತೆರೆಯಲು ಯಾವ ಆವೃತ್ತಿಯೂ ಬೇಕಾಗಲಿಲ್ಲ. ನಾವಿಬ್ಬರೂ ಹಂಚಿಕೊಂಡು ಭಾನುವಾರಗಳಲ್ಲಿ ಬೆರಳಚ್ಚು ಮಾಡುತ್ತಿದ್ದೇವೆ. ಇನ್ನು ನಾಲ್ಕು ಬಾಕಿ. ಹೊಸ ಸೈಟಿನಲ್ಲಿ ಸ್ಕ್ರಿಪ್ಟ್ ಇಲ್ಲ, ಡೇಟಾಬೇಸ್ ಇಲ್ಲ, ಚಕ್ರ ಇಲ್ಲ. ಸಂಚಿಕೆಗೊಂದು ಕಡತಕೋಶ, ಬರಹಕ್ಕೊಂದು ಪುಟ. ಈವರೆಗಿನ ಎಲ್ಲ ಸೇರಿ ಹನ್ನೊಂದು ಎಂಬಿ. ಮದುವೆ ಮನೆಯಿಂದ ಬರುವ ಒಂದು ವಿಡಿಯೊಗಿಂತ ಕಡಿಮೆ. ಅದರ ಪ್ರತಿ ನನ್ನಲ್ಲಿದೆ, ಆಕೆಯ ಪೆನ್‌ಡ್ರೈವಿನಲ್ಲಿದೆ, ಊರಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿದೆ. ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆ.

ಹೋದ ತಿಂಗಳು ಆಕೆಗೆ ಫೋನಿನಲ್ಲಿ ಹೇಳಿಕೊಟ್ಟೆ: ಕಡತ ತೆರಿ, ತಪ್ಪಿರುವ ಪದ ಹುಡುಕು, ತಿದ್ದು, ಉಳಿಸು. ಅಪ್ಪನ ಮೂರನೇ ಸಂಪಾದಕೀಯದಲ್ಲಿ ಉಳಿದಿದ್ದ ಕಾಗುಣಿತದ ತಪ್ಪೊಂದನ್ನು ಆಕೆಯೇ ತಿದ್ದಿದಳು. "ಇಷ್ಟೇನಾ ಅಣ್ಣ?" ಎಂದಳು. ಇಷ್ಟೇ.